ಅಂಗಾದ್ರೆ ಎಲೀಯ ಎಲ್ಗೋದ?

ಸೊಪ್ಪಿನಕ್ಕ ಹದಿನಾರು ಎಂಬ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ನಂಜನಗೂಡಿನ ನಮ್ಮ ಬೀದಿಯಲ್ಲಿ ತಲೆಯ ಮೇಲಿನ ಸೊಪ್ಪಿನ ಮಂಕರಿ ಖಾಲಿಯಾಗುವ ಹೊತ್ತಿಗೆ ಹನ್ನೊಂದು ಗಂಟೆ. ಆಮೇಲೆ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಪ್ಲಾಸ್ಟಿಕ್ ಕವರಿನಿಂದ ಬೈಬಲ್ ತೆಗೆಯುತ್ತಿದ್ದಳು. ಅವಳಿಗೆ ಓದು ಬಾರದು. ಓದುವವಳು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮದು ಶಿವಪೂಜೆಯ ಮನೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕ್ರೈಸ್ತ ಹುಡುಗಿಯರು ಜ್ಞಾನೋಪದೇಶಕ್ಕೆ ಹೋದಾಗ ಉಳಿದ ನಾವು ನೀತಿಪಾಠಕ್ಕೆ ಕೂರಬೇಕಿತ್ತು. ಆ ಮುಚ್ಚಿದ ಬಾಗಿಲಾಚೆಯ ಪುಸ್ತಕ ಈಗ ನನ್ನ ಮಡಿಲಿಗೇ ಬಂದದ್ದು ನನಗೆ ಒಳಗೊಳಗೇ ಹೆಮ್ಮೆ. ಅತ್ತೆ ಅಡುಗೆಮನೆಯಿಂದಲೇ, “ಓದಮ್ಮ, ಓದು. ಆಯಮ್ಮನ್ನ ಸ್ವರ್ಗಕ್ಕೆ ಸೇರಿಸೋ ಅಷ್ಟೊತ್ತಿಗೆ ನಮ್ಮ ಸಾರು ತಳ ಹಿಡೀತದೆ” ಎನ್ನುತ್ತಿದ್ದರು.

ಸೊಪ್ಪಿನಕ್ಕನ ಒಬ್ಬಳೇ ಮಗಳು ತಿ. ನರಸೀಪುರಕ್ಕೆ ಮದುವೆಯಾಗಿ ಹೋಗಿ, ಎರಡನೇ ವರ್ಷ ಅಡುಗೆಮನೆಯಲ್ಲಿ ಸುಟ್ಟು ಸತ್ತಿದ್ದಳು. ಪಂಪ್ ಸ್ಟವ್ ಸಿಡಿಯಿತು ಎಂದರು ಎಲ್ಲರೂ. ಪೊಲೀಸರ ಕಾಗದದಲ್ಲೂ ಹಾಗೇ ಇತ್ತು. ಮಗಳನ್ನು ಮಣ್ಣು ಮಾಡಿದ ಊರಿಗೆ ಹೋಗಿ ಬರುತ್ತಾ ಇವಳು ಅಲ್ಲಿನ ಒಂದು ಪ್ರಾರ್ಥನೆ ಸಭೆಗೆ ಸೇರಿಕೊಂಡಳು. ಅಲ್ಲಿ ಎಲೀಯನೆಂಬ ಪ್ರವಾದಿಯ ಕತೆ ಕೇಳಿದ್ದಳು. ಬೆಂಕಿಯ ರಥ ಕಾಣಿಸಿಕೊಂಡು, ಸುಂಟರಗಾಳಿಯಲ್ಲಿ ಅವನು ಸಾಯದೆಯೇ ಪರಲೋಕಕ್ಕೆ ಹೋದನಂತೆ. ಆ ಪುಟವನ್ನು ನನ್ನಿಂದ ಎಷ್ಟು ಸಲ ಓದಿಸಿದಳೋ ಲೆಕ್ಕವಿಲ್ಲ.

“ಬೆಂಕಿ ನಡುವ್ಲೇ ಒಂಟೋದ್ನಲ್ವಾ ಅಮ್ಮಾವ್ರೆ? ಅವನ್ಗೆ ಉರೀಲಿಲ್ವಾ?”

“ಉರೀತು ಅಂತ ಬರೆದಿಲ್ಲ ಅಕ್ಕ.”

“ಅಷ್ಟು ಸಾಕು ಬುಡಿ.”

ಒಂದು ಶುಕ್ರವಾರ ಯೋಹಾನನ ಸುವಾರ್ತೆ ಓದುತ್ತಿದ್ದೆ. ಪರಲೋಕದಿಂದ ಇಳಿದುಬಂದವನ ಹೊರತು ಮತ್ತಾರೂ ಅಲ್ಲಿಗೆ ಏರಿಹೋಗಿಲ್ಲ ಎಂಬ ಅರ್ಥದ ಮಾತು ಬಂತು. ನಾನು ಓದುವ ಭರದಲ್ಲಿ ಮುಂದಕ್ಕೆ ಹೋಗಿದ್ದೆ. ಅವಳ ಕೈ ಪುಟದ ಮೇಲೆ ಬಂದು ಕೂತಿತು. ಉಗುರಿನ ಸಂದಿಯಲ್ಲಿ ದಂಟಿನ ಸೊಪ್ಪಿನ ಕೆಂಪು.

“ಯಾರೂ ಓಗಿಲ್ವಾ?”

“ಹಾಗಂತ ಯೇಸು ಹೇಳ್ತಾರೆ.”

“ಅಂಗಾದ್ರೆ ಎಲೀಯ ಎಲ್ಗೋದ?”

ನನಗೆ ನಗು ಬಂತು. ಅವಳು ನಗಲಿಲ್ಲ. “ನನ್ ಮಗಳು ಎಲ್ಗೋದ್ಲು?” ಎಂದಳು.

ನಾನು ಅದನ್ನು ಪರೀಕ್ಷೆಯ ಪ್ರಶ್ನೆಯ ಹಾಗೆ ತೆಗೆದುಕೊಂಡೆ. ಉತ್ತರ ಎಲ್ಲೋ ಇದೆ, ಹುಡುಕಿ ಚೆಂದದ ಅಕ್ಷರದಲ್ಲಿ ಬರೆದರೆ ಮುಗಿಯಿತು ಎಂಬುದು ಕಾನ್ವೆಂಟು ನನಗೆ ಕಲಿಸಿದ್ದ ಅಭ್ಯಾಸ. ನನ್ನ ಹಳೆಯ ಟೀಚರಾಗಿದ್ದ ಸಿಸ್ಟರಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ಎರಡೂ ವಾಕ್ಯಗಳಿಗೆ ಅಧ್ಯಾಯದ ಸಂಖ್ಯೆ ಹಾಕಿ, ಅಡಿಗೆರೆ ಎಳೆದು. ಮಗಳ ಸುದ್ದಿಯನ್ನು ಬರೆಯಲೇ ಇಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ಎರಡರ ನಡುವೆ ವಿರೋಧವಿಲ್ಲ ಎಂದು ಬರೆದಿದ್ದರು. ಎಲೀಯನಾಗಲಿ, ಅವನಿಗಿಂತ ಹಿಂದಿನ ಹನೋಕನಾಗಲಿ ತಾವಾಗಿ ಏರಿದವರಲ್ಲ, ದೇವರೇ ಕರೆದುಕೊಂಡ. ತನ್ನ ಬಲದಿಂದ ಅಲ್ಲಿಗೆ ಹತ್ತಿ, ಅಲ್ಲಿಯದನ್ನು ತಿಳಿದು ಬಂದು ಹೇಳುವ ಮನುಷ್ಯನಿಲ್ಲ ಎಂದಷ್ಟೇ ಯೇಸುವಿನ ಮಾತು. ಕೊನೆಯಲ್ಲಿ, ಒಳ್ಳೆಯ ಪ್ರಶ್ನೆ ಮಗು, ಎಂದಿತ್ತು. ಆ ಸಾಲನ್ನು ಅತ್ತೆಗೂ ತೋರಿಸಿದೆ.

“ನೋಡಿ ಅಕ್ಕ, ಎರಡೂ ನಿಜಾನೇ. ತಾನಾಗಿ ಯಾರೂ ಹೋಗಕ್ಕಾಗಲ್ಲ. ದೇವರು ಕರ್ಕೊಂಡ್ರೆ ಮಾತ್ರ.”

ಮಂಕರಿಯ ಅಂಚಿನಲ್ಲಿ ಒಂದು ಬಿದಿರು ಸೀಳು ಬಿಚ್ಚಿಕೊಂಡಿತ್ತು. ಅದನ್ನು ಒಳಕ್ಕೆ ಸಿಕ್ಕಿಸುತ್ತಿದ್ದಳು, ಅದು ಈಚೆಗೆ ಬರುತ್ತಿತ್ತು.

“ತಾನಾಗ್ ತಾನೇ ಒಂಟೋದೋರ್ಗೆ ಅಲ್ಲಿ ಜಾಗ ಇಲ್ಲ ಅಂತಾಯ್ತು.”

“ಹೂಂ, ಮನುಷ್ಯನ ಬಲದಿಂದ...”

“ಸ್ಟವ್ ಸಿಡೀಲಿಲ್ಲ ಕಣವ್ವ.”

ಒಳಗೆ ಅತ್ತೆ ಒಗ್ಗರಣೆ ಹಾಕಿದ ಸದ್ದು. ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಸಾಯುವ ಮುಂಚಿನ ವಾರ ಮಗಳು ತವರಿಗೆ ಬಂದು, ವಾಪಸ್ಸು ಹೋಗುವುದಿಲ್ಲ ಎಂದಿದ್ದಳಂತೆ. ಇವಳೇ ಸಮಾಧಾನ ಹೇಳಿ ಬಸ್ಸು ಹತ್ತಿಸಿದ್ದಳು.

“ಕಿಟ್ಕಿ ತಾವ ಕೂತ್ಕೋ ಅಂದೆ. ಕೂತ್ಕಂಡ್ಲು. ನನ್ ಕಡೆ ತಿರುಗ್ನಿಲ್ಲ.” ಮೂಗು ಒರೆಸಿಕೊಂಡಳು. “ನಿಮ್ ಸಿಸ್ಟರಮ್ಮನ್ನ ಇದ್ನೂ ಒಂದ್ ಕೇಳಿ. ತಾನೇ ಒಂಟೋದವಳ್ನ ದೇವ್ರು ಕರ್ಕತಾನಾ ಅಂತ.”

“ಕೇಳ್ತೀನಿ” ಎಂದೆ.

ಕೇಳಲಿಲ್ಲ. ಕಾಗದ ತಂದಿಟ್ಟುಕೊಂಡೆ, ‘ಪ್ರೀತಿಯ ಸಿಸ್ಟರ್’ ಎಂದೂ ಬರೆದೆ. ತಾನೇ ತಂದುಕೊಂಡ ಸಾವು ಮಹಾಪಾಪ ಎಂದು ಶಾಲೆಯ ಹಜಾರದಲ್ಲಿ ಯಾರೋ ಹೇಳಿದ್ದು ಕಿವಿಯಲ್ಲಿ ಉಳಿದಿತ್ತು. ಉತ್ತರ ನನಗೆ ಗೊತ್ತು ಎಂದುಕೊಂಡೆ. ಸಿಸ್ಟರ್ ನಿಜವಾಗಿ ಏನು ಬರೆಯುತ್ತಿದ್ದರೋ, ಬರೆಯಲು ನಾನು ಬಿಡಲಿಲ್ಲ. ದೇವರು ಕರ್ಕೊಂಡಿದ್ದಾನೆ ಅಕ್ಕ, ಎಂದು ನಾನೇ ಹೇಳಿಬಿಡಬಹುದಿತ್ತು. ಒಮ್ಮೆ ಹೇಳಿಯೂ ನೋಡಿದೆ. “ಅದು ನಿಮ್ ಒಳ್ಳೇತನ. ಅವರೇನಂದ್ರು?” ಎಂದಳು.

ಮಂಗಳವಾರ, ಶುಕ್ರವಾರ ಬಾಗಿಲಲ್ಲಿ ಮಂಕರಿ ಇಳಿಸುವಾಗ ಮೊದಲ ಮಾತು ಅದೇ. “ಕಾಗ್ದ ಬಂತಾ?”

“ಇನ್ನೂ ಇಲ್ಲ ಅಕ್ಕ.”

ಎಲೀಯನ ಪುಟವನ್ನು ಅವಳು ಮತ್ತೆ ಓದಿಸಲಿಲ್ಲ. ಎರಡು ವರ್ಷದ ಮೇಲೆ ಸಿಸ್ಟರ್ ತೀರಿಕೊಂಡ ಸುದ್ದಿ ಹಳೆಯ ಸಹಪಾಠಿಯೊಬ್ಬಳಿಂದ ತಿಳಿಯಿತು. ಮಾರನೆಯ ಶುಕ್ರವಾರವೂ ನಾನು, ಇನ್ನೂ ಇಲ್ಲ, ಎಂದೇ ಹೇಳಿದೆ. ನನ್ನ ಮುಖ ಹೇಗಿತ್ತೋ, ಅವಳೇ ನನ್ನನ್ನು ಸಮಾಧಾನ ಮಾಡಿದಳು.

“ದೊಡ್ ಪ್ರಶ್ನೆ ಅಲ್ವಾ ಅಮ್ಮಾವ್ರೆ. ಓದ್ಕಂಡು, ತಿಳ್ಕಂಡು ಬರೀಬೇಕು ಅವ್ರು. ನಿಧಾನವಾಗೇ ಬರ್ಲಿ ಬುಡಿ.”