ಒಲೆಗೆ ಹಾಕಿದ ಬಿಳಿ ಕೋಟು

ತಾಯಿ ಕೊಲ್ಲಿ ದೇಶಕ್ಕೆ ದುಡಿಯಲು ಹೋದ ಮನೆಯಲ್ಲಿ ಮಗು ಕಿಟಕಿಯ ಸರಳು ಹಿಡಿದು ಅಳುತ್ತಲೇ ಇರುತ್ತದೆ ಎಂದು ಯಾರು ಹೇಳಿದ್ದು? ಯಾರು ನೋಡಿದ್ದು? ನಾನು ಓದಿದ ಕಥೆಗಳಲ್ಲಿ ಆ ಮಗು ಇದೆ, ನೋಡಿದ ಸಿನೆಮಾಗಳಲ್ಲೂ ಇದೆ. ಅದರ ಎಣ್ಣೆ ಕಾಣದ ತಲೆ ಇದೆ, ಪಕ್ಕದಲ್ಲಿ ಕುಡಿದು ಬಿದ್ದ ಅಪ್ಪ ಇದ್ದಾನೆ. ಇಲ್ಲದವಳು ನಾನೊಬ್ಬಳೇ. ನಾನಾದರೋ ಅಂಥ ಮನೆಯಲ್ಲೇ ಬೆಳೆದವಳು.

ಮಮ್ಮಿ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ನಾನು ಬಾಲವಾಡಿಗೆ ಹೋಗುವಾಗ ಹೊರಟವರು, ನಾನು ಪದವಿ ಮುಗಿಸಿದ ಮೇಲೆ ಮಂಗಳೂರಿನ ಬೋಳಾರದ ನಮ್ಮ ಮನೆಗೆ ಬಂದು ನೆಲೆಸಿದರು. ನಡುವಿನ ವರ್ಷಗಳಲ್ಲಿ ನನಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದ್ದು ಪಪ್ಪಾ. ಅವರದು ಝೆರಾಕ್ಸ್ ಅಂಗಡಿ. ಕಾಗದದ ಕಟ್ಟು ಬಿಗಿಯುವ ಹಾಗೇ ಜಡೆ ಬಿಗಿಯುತ್ತಿದ್ದರು, ಹುಬ್ಬು ಮೇಲೇರುವಷ್ಟು. ಮಮ್ಮಿ ಕಳಿಸಿದ ಚಾಕೊಲೇಟನ್ನು ನಾನು ಕಣ್ಣೀರು ಹಾಕುತ್ತಾ ಬಾವಿಗೆ ಎಸೆಯಲಿಲ್ಲ. ಪಕ್ಕದ ಬೆಂಚಿನವಳಿಗೆ ಒಂದು ಚಾಕೊಲೇಟ್ ಕೊಟ್ಟು ಗಣಿತದ ಹೋಂವರ್ಕ್ ಮಾಡಿಸಿಕೊಳ್ಳುತ್ತಿದ್ದೆ. ಮಮ್ಮಿಯ ನೆನಪು ಆಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಜ್ವರ ಬಂದಾಗ ಆಗುತ್ತಿತ್ತು, ಶಾಲಾ ವಾರ್ಷಿಕೋತ್ಸವದ ದಿನ ಆಗುತ್ತಿತ್ತು. ಅದನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ. ಆದರೆ ಜ್ವರದ ಎರಡು ದಿನವನ್ನು ಹಿಡಿದುಕೊಂಡು ಬಾಲ್ಯವಿಡೀ ಜ್ವರವೆಂದು ಬರೆದರೆ ಅದಕ್ಕೆ ಸಾಹಿತ್ಯ ಎನ್ನಬೇಕೋ, ಸುಳ್ಳು ಎನ್ನಬೇಕೋ?

ಆ ಸುಳ್ಳನ್ನು ಸಿನೆಮಾ ಮಾಡಿದವನು ನನ್ನ ಗೆಳೆಯ. ಕಾಲೇಜಿನಲ್ಲಿ ನಾವಿಬ್ಬರೂ ಚರ್ಚಾಸ್ಪರ್ಧೆಯ ಒಂದೇ ತಂಡ. ಅವನು ಪರ, ನಾನು ವಿರೋಧ. ವಾದ ಗಟ್ಟಿಯೋ ಪೊಳ್ಳೋ ಎಂದು ನೋಡಲು ಅವನದೊಂದು ಉಪಾಯವಿತ್ತು. ವಾದದಲ್ಲಿ ಗಂಡಸು ಇದ್ದಲ್ಲಿ ಹೆಂಗಸನ್ನು ಇಡು, ಬಡವ ಇದ್ದಲ್ಲಿ ಶ್ರೀಮಂತನನ್ನು ಇಡು. ಆಗಲೂ ನಿಂತರೆ ಮಾತ್ರ ಅದು ವಾದ. ಅವನಿಂದ ನಾನು ಕಲಿತ ಒಳ್ಳೆಯ ಪಾಠ ಅದು. ಅವನ ಅಪ್ಪನೂ ಸೌದಿಯ ದಮ್ಮಾಮಿನಲ್ಲಿ ಕ್ರೇನ್ ಓಡಿಸುತ್ತಿದ್ದವರು. ಅಂತಿಮ ಸುತ್ತಿನಲ್ಲಿ ಅವನು ಆ ಅಪ್ಪನ ತ್ಯಾಗದ ಬಗ್ಗೆ ಮಾತಾಡಿದಾಗ ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಪರ್ಯಾಯ ಫಲಕ ನಮಗೇ ಬಂತು.

ಕಿರುಚಿತ್ರ ಮಾಡುತ್ತೇನೆಂದು ಅವನು ಮನೆಗೆ ಬಂದಾಗ ಮಮ್ಮಿಗೆ ಹಬ್ಬ. ಅವನು ಫೋನ್ ರೆಕಾರ್ಡರ್ ಎದುರಿಗಿಟ್ಟು ಕೇಳಿದ, ಅವರು ಹೇಳಿದರು: ಹಾಸ್ಟೆಲ್ ಕೋಣೆ, ರಾತ್ರಿಪಾಳಿ, ಅರಬಿ ಕಲಿತ ಬಗೆ, ಚೇತರಿಸಿಕೊಂಡ ರೋಗಿಗಳು ಮನೆಗೆ ಹೋಗುವಾಗ ಕೊಡುತ್ತಿದ್ದ ಖರ್ಜೂರ. ಕೊನೆಗೆ ಅವನು, "ಆಂಟಿ, ನಿಮ್ಮ ಯೂನಿಫಾರ್ಮ್ ಒಂದು ಸಿಗ್ತದಾ? ಬಟ್ಟೆ ಒಣಗುವ ಶಾಟ್ ಒಂದು ಉಂಟು" ಎಂದ. ಮಮ್ಮಿ ಕಪಾಟಿನಿಂದ ಬಿಳಿ ಕೋಟು ತೆಗೆದು ತಾವೇ ಇಸ್ತ್ರಿ ಹಾಕಿ ಕೊಟ್ಟರು. ಪೆನ್ನು ಸೋರಿ ಎದೆಯ ಕಿಸೆಯ ಮೇಲೆ ನೀಲಿ ಕಲೆ ಇತ್ತು. "ಇದು ಹೋಗುದಿಲ್ಲ ಮಗಾ, ಕ್ಯಾಮೆರಾದಲ್ಲಿ ಕಾಣ್ತದಾ?" ಎಂದು ಕೇಳಿದರು. "ಕಾಣಲಿ ಆಂಟಿ, ಅದೇ ಬೇಕಾದ್ದು" ಎಂದ.

ಮಣ್ಣಗುಡ್ಡದ ಒಂದು ಸಭಾಭವನದ ಮಹಡಿಯಲ್ಲಿ ಪ್ರದರ್ಶನ. ಸದ್ದಾಗುತ್ತದೆಂದು ಫ್ಯಾನ್ ಆರಿಸಿದ್ದರು. ಮಮ್ಮಿ ಮದುವೆಗೆ ಹೋಗುವ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ತಮ್ಮ ಕೆಲಸದ ಕಥೆ ತೆರೆಗೆ ಬರುತ್ತದೆ ಎಂಬ ನಂಬಿಕೆ. ತೆರೆಯ ಮೇಲೆ ಕಿಟಕಿ ಬಂತು, ಸರಳು ಹಿಡಿದ ಹುಡುಗಿ ಬಂದಳು, ಬಾವಿಗೆ ಚಾಕೊಲೇಟು ಬಿತ್ತು, ಅಪ್ಪ ಕುಡಿದು ಜಗಲಿಯಲ್ಲಿ ಉರುಳಿದ. ಆಸ್ಪತ್ರೆ ಇಲ್ಲ, ಅರಬಿ ಇಲ್ಲ, ಖರ್ಜೂರ ಇಲ್ಲ. ಕೊನೆಯಲ್ಲಿ ತಾಯಿ ಊರಿಗೆ ಬರುತ್ತಾಳೆ, ಬಿಳಿ ಕೋಟು ಕಳಚಿ ಬಚ್ಚಲ ಒಲೆಗೆ ಹಾಕುತ್ತಾಳೆ, ಸೀರೆಯುಟ್ಟು ಮಗಳಿಗೆ ಗಂಜಿ ಬಡಿಸುತ್ತಾಳೆ. ಬೆಂಕಿ ಹಿಡಿಯುವ ಮುಂಚೆ ಕ್ಯಾಮೆರಾ ಕಿಸೆಯ ಹತ್ತಿರಕ್ಕೆ ಹೋಯಿತು. ನೀಲಿ ಕಲೆ.

"ಅದು ನಂದು," ಎಂದರು ಮಮ್ಮಿ. ಅಷ್ಟೇ. ಡ್ರೈಕ್ಲೀನಿಂಗಿಗೆ ಕೊಟ್ಟಿದ್ದೇನೆ ಆಂಟಿ ಎಂದು ಅವನು ತಿಂಗಳಿಂದ ಹೇಳುತ್ತಿದ್ದ ಕೋಟು.

ದೀಪ ಹಾಕಿದರು, ಚಪ್ಪಾಳೆ ಬಿತ್ತು, ಸಂವಾದ ಶುರುವಾಯಿತು. ನಡೆಸುವವರು ನಿವೃತ್ತ ಪ್ರಾಧ್ಯಾಪಕರು. ಕೃತಿಯ ಕೇಂದ್ರ ವಸ್ತು ಯಾವುದು ಎಂದು ಅವರು ಕೇಳಿದ್ದೇ ತಡ, ಒಬ್ಬರು ತಾಯ್ತನ ಎಂದರು, ಇನ್ನೊಬ್ಬರು ಬೇರು ಎಂದರು, ಮತ್ತೊಬ್ಬರು ಮರಳುವಿಕೆ ಎಂದರು. ನಾನು ಮೈಕ್ ಕೇಳಿ ತೆಗೆದುಕೊಂಡೆ.

"ನಿರ್ದೇಶಕರೇ ನನಗೆ ಕಲಿಸಿದ ಪರೀಕ್ಷೆ ಇದು. ಆ ತಾಯಿಯನ್ನು ತೆಗೆದು ಅಲ್ಲಿ ಒಬ್ಬ ತಂದೆಯನ್ನು ಇಡಿ. ದಮ್ಮಾಮಿನಿಂದ ಬಂದ ತಂದೆ ತನ್ನ ಕೆಲಸದ ಅಂಗಿಯನ್ನು ಒಲೆಗೆ ಹಾಕಿ ಅಡುಗೆಮನೆಗೆ ಹೋಗ್ತಾನೆ. ಈಗ ಚಪ್ಪಾಳೆ ತಟ್ಟಿ ನೋಡುವ."

ಸಭೆ ನಕ್ಕಿತು. ಅವರ ಮಟ್ಟಿಗೆ ಅದು ಜೋಕು.

"ಸಿನೆಮಾವನ್ನು ಸಿನೆಮಾ ಆಗಿ ನೋಡ್ಬೇಕಮ್ಮ," ಎಂದರು ಪ್ರಾಧ್ಯಾಪಕರು.

"ಸರ್, ಆ ಅಪ್ಪನನ್ನು ಯಾಕೆ ಕುಡಿಸಿದ್ರು ಅಂತ ಹೇಳಿ ಹಾಗಾದ್ರೆ. ಅವನು ಮಗಳಿಗೆ ಜಡೆ ಹಾಕಿದ್ರೆ ನಿಮ್ಮ ಕೇಂದ್ರ ವಸ್ತು ಎಲ್ಲಿಗೆ ಹೋಗ್ತದೆ?"

ಹಿಂದಿನ ಸಾಲಿನಿಂದ, "ಇವಳಿಗೆ ಡಿಬೇಟಿನ ಚಟ ಬಿಡ್ಲೇ ಇಲ್ಲ ಮಾರಾಯ" ಎಂದು ಒಂದು ದನಿ. ಉತ್ತರ ಕೊಡಲು ತಿರುಗುವಷ್ಟರಲ್ಲಿ ಮಮ್ಮಿ ನನ್ನ ಕೈ ಹಿಡಿದು "ಪುರೊ" ಎಂದರು. ಕೊಂಕಣಿಯಲ್ಲಿ ಸಾಕು ಎಂದರ್ಥ. ಕುಳಿತೆ.

ಹೊರಗೆ ಚಹಾ, ಗೋಳಿಬಜೆ. ಯಾರೋ ಒಬ್ಬ ಹೆಂಗಸು ಮಮ್ಮಿಯ ಎರಡೂ ಕೈ ಹಿಡಿದುಕೊಂಡು, "ಪಾಪ, ಈಗಾದ್ರೂ ಬಂದ್ರಲ್ಲ" ಎಂದರು. ಮಮ್ಮಿ ನಕ್ಕರು. ರೋಗಿಯ ಸಂಬಂಧಿಕರೆದುರು ನಗುವ ನಗು ಅದು.

ಇಲ್ಲಿಯವರೆಗಿನ ಸಿಟ್ಟನ್ನು ನಾನು ನುಂಗಬಲ್ಲವಳಾಗಿದ್ದೆ. ಕೆಟ್ಟ ಕಥೆ ಹೊಸತೇನಲ್ಲ. ಅಪ್ಪ ಹೋದರೆ ತ್ಯಾಗ, ಅಮ್ಮ ಹೋದರೆ ಅನಾಥ ಮಗು. ಹತ್ತುವ ವಿಮಾನ ಒಂದೇ, ಕಥೆಯ ವಸ್ತು ಮಾತ್ರ ಬೇರೆ. ಇದಕ್ಕಾಗಿ ನಾನು ಪುಸ್ತಕಗಳ ಜೊತೆ ಎಷ್ಟೋ ಸಲ ಜಗಳವಾಡಿ ಮರೆತಿದ್ದೇನೆ. ಆದರೆ ವಾಪಸು ಬರುವಾಗ ರಿಕ್ಷಾ ಬೋಳಾರದ ತಿರುವಿನಲ್ಲಿ ನಿಧಾನವಾದಾಗ ಮಮ್ಮಿ ರಸ್ತೆಯನ್ನೇ ನೋಡುತ್ತಾ ಕೇಳಿದರು:

"ನೀನು ಹಾಗೆ ಅಳ್ತಿದ್ದಿಯಾ?"

"ಇಲ್ಲ ಮಮ್ಮಿ. ಎಂತ ನೀವು? ಪಪ್ಪಾನ ಹತ್ರ ಕೇಳಿ ಬೇಕಾದ್ರೆ."

"ಮಕ್ಕಳು ಹೇಳುದಿಲ್ಲ," ಎಂದರು. "ಅಪ್ಪಂದಿರಿಗೆ ಗೊತ್ತಾಗುದಿಲ್ಲ."

ಮನೆಯಲ್ಲಿ ಪಪ್ಪಾ ಎಲ್ಲ ಕೇಳಿ, "ನನ್ನನ್ನು ಕುಡಿಸಿದ್ರಾ? ಯಾವ ಬ್ರಾಂಡ್?" ಎಂದು ನಗಿಸಲು ನೋಡಿದರು. ಮಮ್ಮಿ ನಗಲಿಲ್ಲ. ಮರುದಿನದಿಂದ ಹೊಸ ಪದ್ಧತಿ ಶುರುವಾಯಿತು. ತಾವಾಗಿ ನನ್ನ ತಲೆಗೆ ಎಣ್ಣೆ ಹಾಕಲು ಬರುವುದು, ನಾನು ಕಚೇರಿಯಿಂದ ತಡವಾದರೆ ಗೇಟಿನ ಬಳಿ ನಿಲ್ಲುವುದು, ಊಟದ ನಡುವೆ ನನ್ನ ಮುಖವನ್ನೇ ನೋಡುವುದು. ಇಪ್ಪತ್ತು ದಾಟಿದ ನನ್ನ ಮುಖದಲ್ಲಿ ಅವರು ಕಿಟಕಿಯ ಹುಡುಗಿಯನ್ನು ಹುಡುಕುತ್ತಿದ್ದಾರೆ. ಅವರು ಪಾಳಿಯ ಮೇಲೆ ಪಾಳಿ ದುಡಿದು ಕಟ್ಟಿದ ಮನೆಯೊಳಗೆ ಒಬ್ಬ ಕಲಾವಿದ ಬಂದು, ನಡೆಯದ ಒಂದು ದುಃಖವನ್ನು ಇಟ್ಟು ಹೋಗಿದ್ದಾನೆ. ನಾನು ಎಷ್ಟು ವಾದಿಸಿದರೂ ಅದು ಹೊರಹೋಗುತ್ತಿಲ್ಲ, ಏಕೆಂದರೆ ವಾದಿಸಿದಷ್ಟೂ ನಾನು ಅಡಗಿಸುತ್ತಿದ್ದೇನೆಂದೇ ಅವರಿಗೆ ಅನಿಸುತ್ತದೆ.

ಮುಂದಿನ ಭಾನುವಾರ ಅವನು ಬಂದ. ಕೈಯಲ್ಲಿ ಹೊಸ ಬಿಳಿ ಕೋಟಿನ ಪೊಟ್ಟಣ. "ಸಾರಿ ಆಂಟಿ, ಶೂಟಿಂಗಿಗೆ ಡೂಪ್ಲಿಕೇಟ್ ಹೊಲಿಸ್ಲಿಕ್ಕೆ ಟೈಮೇ ಸಿಗ್ಲಿಲ್ಲ" ಎಂದ. ಮಮ್ಮಿ "ಪರವಾಗಿಲ್ಲ ಮಗಾ, ಕೂತ್ಕೋ" ಎಂದು ಇಡ್ಲಿಯಂಥ ಸನ್ನ, ಕೋಳಿ ಪದಾರ್ಥ ಬಡಿಸಿ ಇನ್ನೊಂದಿಷ್ಟು ತರಲು ಒಳಗೆ ಹೋದರು. ಪೊಟ್ಟಣವನ್ನು ಬಿಚ್ಚಲಿಲ್ಲ.

"ಆಂಟಿಗೇ ಬೇಜಾರಿಲ್ಲ, ನಿಂಗೆ ಎಂತ ಮಾರಾಯ್ತಿ?" ಎಂದ ಅವನು, ಸನ್ನ ಮುರಿಯುತ್ತಾ. "ಕಥೆ ಅಂದ್ಮೇಲೆ ಒಂದು ನೋವು ಬೇಕಲ್ಲ."

"ನೋವಿನ ವಿಷಯ ಮತ್ತೆ ಮಾತಾಡುವ," ಎಂದೆ. "ಮೊದಲು ಒಂದು ಹೇಳು. ನಿನ್ನ ಅಪ್ಪ ದಮ್ಮಾಮಿನಿಂದ ಬಂದ ಮೇಲೆ, 'ನೀನು ಅಳ್ತಿದ್ದಿಯಾ' ಅಂತ ಒಂದು ದಿನವಾದ್ರೂ ನಿನ್ನ ಹತ್ರ ಕೇಳಿದ್ದು ಉಂಟಾ?"