ಎಂಟು ಗಾಲಿ, ಒಂದು ಸುತ್ತು

ಈಚೆಗೆ ನಾನು ನೆಲದ ಮೇಲೆ ಕುಳಿತರೆ, ಏಳುವ ಮೊದಲು ಒಮ್ಮೆ ಸುತ್ತ ನೋಡಿಕೊಳ್ಳುತ್ತೇನೆ. ಹಿಡಿದುಕೊಳ್ಳಲು ಗೋಡೆ ಇದೆಯೇ, ಕಂಬ ಇದೆಯೇ, ಯಾರದಾದರೂ ಹೆಗಲು ಇದೆಯೇ ಎಂದು. ಏನೂ ಇಲ್ಲದಿದ್ದರೆ ಇನ್ನೊಂದಿಷ್ಟು ಹೊತ್ತು ಕುಳಿತೇ ಇರುತ್ತೇನೆ. ಮದುವೆಮನೆಯಲ್ಲಿ ಎಲ್ಲರೂ ಕೈ ತೊಳೆಯಲು ಎದ್ದುಹೋದ ಮೇಲೂ ಒಬ್ಬ ಮನುಷ್ಯ ಎಲೆಯ ಮುಂದೆ ಹಾಗೇ ಕುಳಿತಿದ್ದರೆ ಅವನನ್ನು ಹೊಟ್ಟೆಬಾಕನೆಂದು ತಿಳಿಯಬೇಡಿ. ಅವನು ಒಂದು ಕಾಲದ ಫಿಗರ್ ಸ್ಕೇಟಿಂಗ್ ಚಾಂಪಿಯನ್ ಇರಬಹುದು.

ಹೌದು, ನನ್ನ ಮಾತೇ ಹೇಳುತ್ತಿದ್ದೇನೆ. ಆದೋನಿಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡು, ಐವತ್ತಮೂರು ತುಂಬಿ, ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುವ ನಾನು ಒಂದಾನೊಂದು ಕಾಲದಲ್ಲಿ ಸತತ ಮೂರು ವರ್ಷ ರಾಜ್ಯಕ್ಕೆ ಮೊದಲಿಗ. ಹಿಮದ ಮೇಲಲ್ಲ, ಗಾಲಿಯ ಮೇಲೆ. ನಮ್ಮೂರಲ್ಲಿ ಮಂಜುಗಡ್ಡೆ ಕಾಣಸಿಗುವುದು ಸೋಡಾ ಅಂಗಡಿಯವನ ಗೋಣಿಚೀಲದಲ್ಲಿ ಮಾತ್ರ, ಅದೂ ಮಧ್ಯಾಹ್ನ ಹನ್ನೆರಡರವರೆಗೆ. ಸಿಮೆಂಟು ನೆಲಕ್ಕೆ ಮಾತ್ರ ಬರವಿಲ್ಲ. ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿ ರಾಶಿ ಹಾಕಲು ಎಕರೆಗಟ್ಟಲೆ ಅಂಗಳವನ್ನು ನುಣ್ಣಗೆ ಮಾಡಿಟ್ಟಿರುತ್ತಾರೆ. ಹಂಗಾಮು ಮುಗಿದ ಮೇಲೆ ಬೇಸಿಗೆಯಲ್ಲಿ ಅದು ಖಾಲಿ ಬಿದ್ದಿರುತ್ತದೆ. ನಮ್ಮ ಸೋದರಮಾವನ ಮಿಲ್ಲಿನ ಅಂಥ ಅಂಗಳದಲ್ಲೇ ನನ್ನ ಕೀರ್ತಿ ಹುಟ್ಟಿತು. ಪೂರ್ತಿ ನಿಜ ಹೇಳಬೇಕೆಂದರೆ, ಆ ಮೂರು ವರ್ಷವೂ ನನ್ನ ವಿಭಾಗದಲ್ಲಿ ಇದ್ದವರು ಮೂರೇ ಜನ. ಒಂದು ವರ್ಷ ಒಬ್ಬನಿಗೆ ಕಾಮಾಲೆ ಬೇರೆ ಆಗಿತ್ತು.

ನನಗೆ ಕಲಿಸಿದವರು ಶಾಲೆಯ ಡ್ರಿಲ್ ಮೇಷ್ಟ್ರು ಖಾದರ್ ಸಾಬರು. ರೈಲ್ವೆ ಕಾಲೊನಿಯಲ್ಲಿ ಬೆಳೆದವರು, ಅಲ್ಲಿ ಯಾರೋ ದೊಡ್ಡ ಸಾಹೇಬರ ಮಕ್ಕಳನ್ನು ನೋಡಿ ನೋಡಿಯೇ ಈ ವಿದ್ಯೆ ಕಲಿತವರು. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಎರಡು ದೊಡ್ಡ ವೃತ್ತಗಳನ್ನು ಒಂದಕ್ಕೊಂದು ತಾಗುವಂತೆ ಬರೆದು, ಆ ಗೆರೆಯ ಮೇಲೆ ಒಂಟಿಗಾಲಿನಲ್ಲಿ ಹೋಗಿ ಹೊರಟಲ್ಲಿಗೇ ಬಾ ಎನ್ನುತ್ತಿದ್ದರು. ಬಂದರೆ ಇನ್ನೊಮ್ಮೆ ಹೋಗು ಎನ್ನುತ್ತಿದ್ದರು. ಈ ಆಟಕ್ಕೆ ಫಿಗರ್ ಎಂಬ ಹೆಸರು ಬಂದದ್ದೇ ಹಾಗಂತೆ. ಮೊದಮೊದಲು ಹಿಮದ ನಾಡುಗಳಲ್ಲಿ ಕುಣಿತ, ಸಂಗೀತ, ಮಿಂಚುವ ಅಂಗಿ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಲಿನಿಂದ ಹಿಮದ ಮೇಲೆ ಎಷ್ಟು ಚೊಕ್ಕ ಆಕೃತಿ ಬಿಡಿಸುತ್ತೀ ಎಂಬುದೇ ಪರೀಕ್ಷೆಯಾಗಿತ್ತು. ತೀರ್ಪುಗಾರರು ಬಗ್ಗಿ ಬಗ್ಗಿ ಗೆರೆ ನೋಡುತ್ತಿದ್ದರು. ನೋಡುವ ಜನಕ್ಕೆ ಬೇಸರವಾಗಿ ಆಮೇಲೆ ದೊಡ್ಡ ಪಂದ್ಯಗಳಲ್ಲಿ ಅದನ್ನು ಕೈಬಿಟ್ಟರು. ನನಗೆ ಮಾತ್ರ ಆ ಭಾಗವೇ ಇಷ್ಟ. ಹೊರಟಲ್ಲಿಗೇ ವಾಪಸು ಬರುವುದು ಎಷ್ಟು ಕಷ್ಟ ಎಂಬುದು ಸುತ್ತು ಹಾಕಿದವನಿಗೇ ಗೊತ್ತು.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನಿನಲ್ಲಿ ಆ ಹಿಮದ ಆಟ ನೋಡುತ್ತೇನೆ. ಯಾವುದೋ ದೇಶದ ಹುಡುಗ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಒಂಟಿಗಾಲಲ್ಲಿ ಇಳಿಯುತ್ತಾನೆ. ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ. ನಾನು ನೋಡುವುದು ಅವನ ಮೊಣಕಾಲನ್ನು. ಇನ್ನು ನಾಲ್ಕೈದು ವರ್ಷ ಅಷ್ಟೇ ತಮ್ಮಾ, ಆಮೇಲೆ ನೀನೂ ಗೋಡೆ ಹುಡುಕುತ್ತೀ ಎಂದುಕೊಳ್ಳುತ್ತೇನೆ. ಇಪ್ಪತ್ತೈದಕ್ಕೆಲ್ಲ ಮುಗಿದುಹೋಗುವ ಕಸುಬು ಇದು. ಉಳಿದ ಆಯಸ್ಸನ್ನು ಏನು ಮಾಡಬೇಕೆಂದು ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ. ನನ್ನದೂ ಇಪ್ಪತ್ತೈದಕ್ಕೇ ಮುಗಿಯಿತು. ಬೇರೆ ರಾಜ್ಯದ ಒಂದು ಅಂಗಳದಲ್ಲಿ ಹಾರಿದವನು ಇಳಿಯಬೇಕಾದ ಹಾಗೆ ಇಳಿಯಲಿಲ್ಲ. ಬಲ ಮೊಣಕಾಲು ತಿರುಚಿಕೊಂಡಿತು. ಅಷ್ಟೇ ಕಥೆ.

ಈಗ ಅವ್ವನ ವಿಷಯಕ್ಕೆ ಬರಬೇಕು. ಅವ್ವ ನನ್ನ ಆಟವನ್ನು ಒಂದು ದಿನವೂ ನೋಡಿದವಳಲ್ಲ. ಮಿಲ್ಲು ಮನೆಯಿಂದ ಕೂಗಳತೆ ದೂರ, ಆದರೂ ಬರಲಿಲ್ಲ. ಮಗ ಗಾಲಿ ಕಟ್ಟಿಕೊಂಡು ಗಿರಗಿರ ತಿರುಗುತ್ತಾನೆಂದು ಕೇಳಿಯೇ ಆಕೆಗೆ ಎದೆ ನಡುಗುತ್ತಿತ್ತು. ಹಾಗೆಂದು ಬೇಡವೆನ್ನಲೂ ಇಲ್ಲ. ತನ್ನ ಕೈಲಾದದ್ದನ್ನು ಮಾಡುತ್ತಿದ್ದಳು, ಎಂದರೆ ಆಯುಧ ಪೂಜೆಯ ದಿನ ನನ್ನ ಗಾಲಿಗಳಿಗೆ ಪೂಜೆ ಮಾಡುತ್ತಿದ್ದಳು. ಇದರಲ್ಲೊಂದು ತೊಡಕಿತ್ತು. ಬೂಟು ಚರ್ಮದ್ದು, ಚರ್ಮ ದೇವರ ಜಗುಲಿಯ ಮೇಲೆ ಬರುವಂತಿಲ್ಲ. ಆದ್ದರಿಂದ ಎಂಟೂ ಗಾಲಿ ಬಿಚ್ಚಿ ಕೊಡಬೇಕು. ಅವಕ್ಕೆ ಅವ್ವ ಮೂರೆಳೆ ವಿಭೂತಿ ಹಚ್ಚಿ, ನಡುವಿನ ತೂತಿಗೆ ಧಾರಾಳವಾಗಿ ಕುಂಕುಮ ತುಂಬಿ, ಮೇಲೆ ದೀಪದ ಎಣ್ಣೆ ಒಂದೊಂದು ಹನಿ ಬಿಡುತ್ತಿದ್ದಳು.

ಗಾಲಿಯ ನಡುವೆ ಇರುವುದು ಬೇರಿಂಗು. ಅದರೊಳಗೆ ಒಂದು ಕೂದಲೆಳೆ ಹೋದರೂ ಗಾಲಿ ಮುನಿಸಿಕೊಳ್ಳುತ್ತದೆ. ನನ್ನ ಮೊದಲ ರಾಜ್ಯ ಪಂದ್ಯ ಹೈದರಾಬಾದಿನಲ್ಲಿ, ದಸರೆಯ ಮರುವಾರ. ನನಗೆ ಬುದ್ಧಿ ಇಲ್ಲ, ಪೂಜೆಯಾದ ಗಾಲಿಗಳನ್ನು ಹಾಗೇ ಬೂಟಿಗೆ ಬಿಗಿದುಕೊಂಡು ಹೋಗಿಬಿಟ್ಟೆ. ಅಂಗಳದ ನಡುವೆ ಮೊದಲ ಗಿರಕಿ ಹೊಡೆದದ್ದೇ ತಡ, ಕುಂಕುಮ ಸಿಡಿದು ಬಿಳಿ ಪ್ಯಾಂಟೆಲ್ಲ ಕೆಂಪಾಯಿತು. ತೀರ್ಪುಗಾರರು ರಕ್ತವೆಂದು ಗಾಬರಿಯಾಗಿ ಆಟ ನಿಲ್ಲಿಸಿದರು. ಒಬ್ಬರು ಬಟ್ಟೆಪಟ್ಟಿ ಹಿಡಿದು ಓಡಿಬಂದರು. ಆ ವರ್ಷ ನನಗೆ ಮೂರನೆಯ ಸ್ಥಾನ, ಎಂದರೆ ಕೊನೆಯದು. ವಾಪಸು ಬರುವ ರೈಲಿನಲ್ಲಿ ಮಂತ್ರಾಲಯ ರೋಡ್ ಬರುವವರೆಗೂ ತುಟಿ ಬಿಚ್ಚದಿದ್ದ ಖಾದರ್ ಸಾಬರು ಕೊನೆಗೆ, "ಬೇಟಾ, ಪೂಜಾ ದಿಲ್ ಮೆ ಕರೋ, ಬೇರಿಂಗ್ ಮೆ ನಕ್ಕೋ" ಅಂದರು, ಪೂಜೆ ಮನಸ್ಸಿನಲ್ಲಿರಲಿ, ಬೇರಿಂಗಿನಲ್ಲಿ ಬೇಡ ಎಂದು. ಅಂದಿನಿಂದ ಪ್ರತಿ ದಸರೆ ಮುಗಿದ ಮೇಲೆ ನಾನೂ ಅವರೂ ಮಿಲ್ಲಿನ ಹಿಂದೆ ಕುಳಿತು ಗಾಲಿಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆಯುತ್ತಿದ್ದೆವು. ಅವ್ವನಿಗೆ ಗೊತ್ತಾಗದ ಹಾಗೆ. ನನ್ನ ಮೂರು ಪದಕಗಳಲ್ಲಿ ಆ ಸೀಮೆಎಣ್ಣೆಯ ಪಾಲು ದೊಡ್ಡದು.

ಆಟ ನಿಂತ ಮೇಲೆ ಬೂಟು ಅಟ್ಟ ಸೇರಿತು, ಗಾಲಿಗಳು ಜಗುಲಿಯ ಮೇಲೆ ಉಳಿದವು. ಅವ್ವ ಅವನ್ನು ತೆಗೆಯಗೊಡಲಿಲ್ಲ. ಖಾದರ್ ಸಾಬರು ತೀರಿಕೊಂಡು ವರ್ಷಗಳಾದವು. ಪೂಜೆ ಮಾತ್ರ ತಪ್ಪಲಿಲ್ಲ. ಇಪ್ಪತ್ತೆಂಟು ದಸರೆಗಳ ವಿಭೂತಿ, ಕುಂಕುಮ, ಎಣ್ಣೆ, ಒಂದು ಸಲವೂ ತೊಳೆಯದೆ.

ಹೀಗಿರುವಾಗ ಹೋದ ಬೇಸಿಗೆಯಲ್ಲಿ ಒಂದು ಸೋಮವಾರ ಸಂಜೆ ಅವ್ವ ಹಿತ್ತಲಲ್ಲಿ ತಲೆಸುತ್ತಿ ಬಿದ್ದಳು. ಎಪ್ಪತ್ತೆಂಟು ವಯಸ್ಸು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನಾನೂ ನನ್ನ ಹೆಂಡತಿ ಗಿರಿಜೆಯೂ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಪರೀಕ್ಷಿಸಿ, "ಈ ವಯಸುಲೋ ಉಪವಾಸಂ ಎಂದುಕಮ್ಮಾ?" ಈ ವಯಸ್ಸಿನಲ್ಲಿ ಉಪವಾಸ ಯಾಕೆ ಎಂದು ತೆಲುಗಿನಲ್ಲಿ ಗದರಿದಳು. ಸೋಮವಾರ ಅವ್ವನದು ಒಪ್ಪತ್ತು, ಮಧ್ಯಾಹ್ನ ಉಂಡರೆ ಮರುದಿನ ಬೆಳಿಗ್ಗೆಯೇ. ಶಿವನ ಮನೆತನ, ಸೋಮವಾರ ಯಾರು ಮಾಡುವುದಿಲ್ಲ ಎಂದು ನಾವು ಸುಮ್ಮನಿದ್ದೆವು. ಇನ್ನು ಬಿಡಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದಳು ಡಾಕ್ಟರಮ್ಮ. ಅವ್ವ ತಲೆ ಅಲ್ಲಾಡಿಸಿದಳು.

"ಬಿಡಾಕ ಬರಂಗಿಲ್ಲಪಾ. ಅದು ಶಿವನ ಸೋಮವಾರ ಅಲ್ಲ. ನೀ ಮೊದ್ಲ ಸಲ ಹೈದರಾಬಾದಿಗೆ ಆಡಾಕ ಹೋದಾಗ ಉರುಕುಂದಿ ಈರಣ್ಣ ದೇವ್ರಿಗೆ ಮಾತು ಕೊಟ್ಟೀನಿ."

"ಏನಂತ?"

"ನೀನು ಆ ಗಾಲಿ ಕಟ್ಟಿಗೊಂಡು ಒಂದು ಸುತ್ತು ಹಾಕಿ, ಬೀಳದಂಗ ಬಂದು ನನ್ನ ಮುಂದ ನಿಂದ್ರಬೇಕು, ಅದನ್ನ ನಾ ಕಣ್ಣಾರೆ ನೋಡಬೇಕು. ಅಲ್ಲಿತನ ಸೋಮವಾರ ಸಂಜಿ ಉಣ್ಣಂಗಿಲ್ಲ ಅಂತ."

ನಾನು ಲೆಕ್ಕ ಹಾಕಿದೆ. ಮೂವತ್ತೆರಡು ವರ್ಷ.

"ಅಲ್ಲಬೇ, ನಾ ದಿನಾ ಆಡ್ತಿದ್ನಲ್ಲ. ಒಂದು ದಿನ ಬಂದು ನೋಡಿದ್ರ ಮುಗೀತಿತ್ತು."

"ಹೆಂಗ ನೋಡ್ಲಿ? ನಾ ನೋಡುವಾಗನs ಬಿದ್ದ್ರ?"

ನೋಡಿದರೆ ಹರಕೆ ಮುಗಿಯುತ್ತದೆ. ನೋಡಲು ಹೆದರಿಕೆ. ಹೆದರಿಕೆಗೇ ಹರಕೆ. ಖಾದರ್ ಸಾಬರು ಸುಣ್ಣದಲ್ಲಿ ಬರೆದ ಯಾವ ವೃತ್ತವೂ ಇಷ್ಟು ಸರಿಯಾಗಿ ಕೂಡಿಕೊಂಡಿರಲಿಲ್ಲ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹೈದರಾಬಾದಿನಲ್ಲಿ ಗೆದ್ದು ಬಿರಿಯಾನಿ ವಾಸನೆಯ ಬೀದಿಗಳಲ್ಲಿ ಮೆರೆದ ಸಂಜೆಗಳೂ, ಆಮೇಲೆ ಆಟದ ನೆನಪನ್ನೇ ಬಿಟ್ಟು ಹಾಯಾಗಿ ಅಂಗಡಿಯಲ್ಲಿ ಕುಳಿತ ಸೋಮವಾರಗಳೂ ನೆನಪಾಗಿ ನಾಚಿಕೆಯಾಯಿತು. ಮಠದ ಅಯ್ಯನವರನ್ನು ಕೇಳಿ ಬಿಡಿಸಿಕೊಳ್ಳೋಣ ಎಂದೆ. "ಮಾತು ಕೊಟ್ಟಾಕಿ ನಾನು, ಬಿಡಸಾಕ ಅವ್ರ್ಯಾರು?" ಎಂದಳು. ಆಕಿ ಹಂಗs.

ಹಾಗಾಗಿ ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಮತ್ತೆ ಕಣಕ್ಕೆ ಇಳಿಯಬೇಕಾಯಿತು. ನನ್ನ ಮೊಣಕಾಲಿನ ಡಾಕ್ಟರು ಇನ್ನೊಮ್ಮೆ ಬಿದ್ದರೆ ಕೋಲೇ ಗತಿ ಎಂದು ಮೊದಲೇ ಹೇಳಿಟ್ಟಿದ್ದರು. ಅವರಿಗೆ ತಿಳಿಸಲಿಲ್ಲ. ಗಿರಿಜೆ ಅಟ್ಟದಿಂದ ಬೂಟು ಇಳಿಸಿ, ಬಿರಿದ ಚರ್ಮಕ್ಕೆ ಶೇಂಗಾ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದಳು. "ಬಿದ್ರ ನಾ ಎತ್ತಂಗಿಲ್ಲ ನೋಡ್ರಿ" ಎಂದಳು, ಎತ್ತಲೆಂದು ತನ್ನ ತಮ್ಮನನ್ನೂ ಕರೆಸಿದ್ದಳು.

ಭಾನುವಾರ ಬೆಳಿಗ್ಗೆ. ಮರುದಿನವೇ ಸೋಮವಾರ, ತಡ ಮಾಡುವ ಹಾಗಿರಲಿಲ್ಲ. ಮಿಲ್ಲಿನ ಅಂಗಳ ಖಾಲಿ ಇತ್ತು, ಅರಳೆಯ ಚೂರು ಕಾಲಿಗೆ ಸಿಗದಂತೆ ಗುಡಿಸಿದ್ದೆವು. ನೆರಳಿನಲ್ಲಿ ಅವ್ವನಿಗೆ ಕುರ್ಚಿ. ಆಕೆ ಸೆರಗಿನಡಿ ಹಿತ್ತಾಳೆ ತಟ್ಟೆಯಲ್ಲಿ ಎಂಟು ಗಾಲಿಗಳನ್ನು ತಂದಿದ್ದಳು, ಹೊಸದಾಗಿ ವಿಭೂತಿ ಹಚ್ಚಿ. ನಾನು ಒಂದನ್ನು ಎತ್ತಿ ಬೆರಳಿನಿಂದ ತಿರುಗಿಸಿದೆ. ತಿರುಗಲಿಲ್ಲ. ಇನ್ನೊಂದು. ಅದೂ ಇಲ್ಲ. ಎಂಟಕ್ಕೆ ಎಂಟೂ ಕಲ್ಲಾಗಿದ್ದವು.

"ಸ್ವಲ್ಪ ಸೀಮೆಎಣ್ಣಿಯೊಳಗ ತೊಳೀಬೇಕಬೇ," ಎಂದೆ.

ಅವ್ವ ತಟ್ಟೆಯನ್ನು ಎದೆಗವಚಿಕೊಂಡಳು. "ಪೂಜಿ ಮಾಡಿದ್ದನ್ನ ತೊಳೀತಿ? ಇಷ್ಟು ವರ್ಷ ನಿನ್ನ ಕಾಯ್ದದ್ದು ಅದs ಅಲ್ಲೇನೋ?"

ಇನ್ನು ಮಾತಿಗೆ ಎಡೆಯಿರಲಿಲ್ಲ. ಗಾಲಿ ಬಿಗಿದುಕೊಂಡು ಎದ್ದು ನಿಂತೆ. ಒಂದು ಕಾಲು ಮುಂದಕ್ಕೆ ನೂಕಿದೆ. ಕಿರ್ರೆಂದು ಸಿಮೆಂಟು ಕೆರೆಯಿತೇ ಹೊರತು ಗಾಲಿ ಉರುಳಲಿಲ್ಲ. ಹಾಗಾಗಿ ಎತ್ತಿ ಇಟ್ಟೆ. ಇನ್ನೊಂದನ್ನೂ ಎತ್ತಿ ಇಟ್ಟೆ. ಮಳೆಗಾಲದಲ್ಲಿ ಕೆಸರು ದಾಟುವವನಂತೆ ಟಕ್ಕು ಟಕ್ಕೆಂದು ಅಂಗಳದ ಸುತ್ತ ನಡೆದೆ. ಅರ್ಧ ಸುತ್ತಿನಲ್ಲಿ ಮೊಣಕಾಲು ಹಿಡಿದುಕೊಂಡಿತು, ಎರಡೂ ಕೈ ಅಗಲಿಸಿ ಸಾವರಿಸಿಕೊಂಡೆ. ದೂರದಿಂದ ಅದು ಭಂಗಿಯಂತೆಯೇ ಕಂಡಿರಬೇಕು. ಒಮ್ಮೆ, ಒಂದೇ ಒಮ್ಮೆ, ಮುಂಗಾಲಿನ ಮೇಲೆ ನಿಂತು ಗಿರಕ್ಕನೆ ತಿರುಗಿಬಿಡಲೇ, ಅವ್ವ ಒಂದಾದರೂ ನೋಡಲಿ ಎನ್ನಿಸಿತು. ಬೇಡವೆಂದಿತು ಮೊಣಕಾಲು. ಹೊರಟಲ್ಲಿಗೇ ವಾಪಸು ಬಂದು ಅವ್ವನ ಮುಂದೆ ನಿಂತೆ.

ಅವ್ವ ಮುಖದ ಮೇಲಿಂದ ಕೈ ತೆಗೆದಳು. ಬೆರಳ ಸಂದಿಯಿಂದ ಪೂರ್ತಿ ನೋಡಿದ್ದಳು.

"ಮುಗೀತೇನೋ?"

"ಮುಗೀತಬೇ."

"ಇಷ್ಟsನಾ?"

ನನ್ನ ಬಾಯಿ ತಾನಾಗಿ ತೆರೆಯಿತು. ಇಷ್ಟೇ ಅಲ್ಲವ್ವ, ಗಾಲಿ ಸಿಕ್ಕಿಹಾಕಿಕೊಂಡಿವೆ, ನಾನು ಗಾಳಿಯಲ್ಲಿ ತಿರುಗುತ್ತಿದ್ದೆ, ಜನ ಉಸಿರು ಹಿಡಿದು ನೋಡುತ್ತಿದ್ದರು ಎಂದು ಹೇಳಬೇಕು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಬಹಳ ನೋವಾಯಿತು. ನನ್ನ ಬಾಳಿನ ಒಂದೇ ಒಂದು ದೊಡ್ಡಸ್ತಿಕೆ ಅವ್ವನ ಕಣ್ಣಲ್ಲಿ ಈ ಟಕ್ಕು ಟಕ್ಕಾಗಿ ಉಳಿದುಹೋಗುತ್ತದೆ. ಆದರೆ ಆಕೆಯ ಮುಖ ನೋಡಿದೆ. ಅದು ಇಷ್ಟು ಸಡಿಲಾದದ್ದನ್ನು ನಾನು ಹುಡುಗನಾದಾಗಿನಿಂದ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

"ಇಷ್ಟsಬೇ," ಎಂದೆ.

ಮರುದಿನ ಸೋಮವಾರ. ದೀಪ ಹಚ್ಚುವ ಹೊತ್ತಿಗೆ ಅವ್ವ ಅಡುಗೆಮನೆಗೆ ಬಂದು, ಯಾರೂ ಕರೆಯದೆ, ತಾನೇ ಮಣೆ ಹಾಕಿಕೊಂಡು ಕುಳಿತಳು. ಗಿರಿಜೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ಪಕ್ಕದಲ್ಲಿ, ಗೋಡೆಗೆ ಹತ್ತಿರ, ಕುಳಿತಿದ್ದೆ. ಅವ್ವ ನಿಧಾನವಾಗಿ ಒಂದು ರೊಟ್ಟಿ ಮುಗಿಸಿ, ಎರಡನೆಯದಕ್ಕೆ ಕೈ ಚಾಚುತ್ತ ನನ್ನ ಕಡೆ ತಿರುಗಿದಳು.

"ನಡಿಯೋದs ಅಂತ ಮೊದ್ಲs ಹೇಳಿದ್ರ, ಆವಾಗs ಬಂದು ನೋಡ್ತಿದ್ನಲ್ಲೋ ಹುಚ್ಚಪ್ಪಾ."