ಸರ್ವನಾಮಕ್ಕೆ ಬಿದ್ದ ಏಟು

ಮಂಡ್ಯಕ್ಕೆ ಬಂದ ಎರಡನೇ ವರ್ಷ, ದೇವರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ಎಂಬ ಮಾತಿಗೆ ನಾನು ಒಬ್ಬನ ಕಿವಿಯಿಂದ ರಕ್ತ ಬರಿಸಿದೆ. ಅವನು ಇಲ್ಲಿ ನನಗಿದ್ದ ಒಬ್ಬನೇ ಗೆಳೆಯ. ನಮ್ಮೂರು ಕಿನ್ನಿಗೋಳಿಯಲ್ಲಿರುವ ನಿಮಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಬರೆಯುವಾಗ ನೆನಪು ನನ್ನ ಪರವಾಗಿಯೇ ವಾದಿಸುತ್ತದೆ. ಅದನ್ನು ಅಷ್ಟಾಗಿ ನಂಬಬೇಡಿ.

ಲಾರಿ ತೂಗುವ ವೇಬ್ರಿಡ್ಜ್‌ಗಳ ರಿಪೇರಿ ನನ್ನ ಕೆಲಸ. ಕಬ್ಬಿನ ಸೀಮೆಯಲ್ಲಿ ಅದಕ್ಕೆ ಬಿಡುವಿಲ್ಲ. ಗುತ್ತಲಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆ ಯಜಮಾನರು, "ಯಾವ್ ಜನಾನಪ್ಪ ನೀನು?" ಎಂದರು. ಕ್ರಿಶ್ಚಿಯನ್ ಎಂದೆ. "ಅದ್ರಲ್ ಯಾವ್ದು?" ನಾನು ತಡವರಿಸಿದೆ. ನಮ್ಮೂರಲ್ಲಿ ಇಗರ್ಜಿಗೆ ಹೋಗುವವರೆಲ್ಲ ಕಥೋಲಿಕರೇ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಇರುವವರೇ ಸ್ವಲ್ಪ ಜನ. ಅಷ್ಟರಲ್ಲೂ ಕಥೋಲಿಕರ ಮದುವೆಗೆ ಪ್ರಾಟೆಸ್ಟೆಂಟರು ಬರುತ್ತಿರಲಿಲ್ಲ, ಅವರ ಸಾವಿಗೆ ಇವರು ಹೋಗುತ್ತಿರಲಿಲ್ಲ.

ಆ ಗೆಳೆಯ, ಸ್ಯಾಮ್ಯುಯೆಲ್, ಪ್ರಾಟೆಸ್ಟೆಂಟ್. ಕೊತ್ತತ್ತಿಯ ಬಳಿಯ ವೇಬ್ರಿಡ್ಜ್ ನೋಡಿಕೊಳ್ಳುತ್ತಿದ್ದ. ಮೊದಲ ದಿನವೇ ಊಟಕ್ಕೆ ಕರೆದೊಯ್ದು, "ಲೇ ಮಂಗ್ಳೂರು, ಮುದ್ದೆ ಅಗೀಬ್ಯಾಡ ಕಣ್ಲಾ, ನುಂಗು" ಎಂದ. ಗಂಟಲಲ್ಲಿ ಸಿಕ್ಕಿಕೊಂಡದ್ದು ಮುದ್ದೆಯಲ್ಲ, ಆ 'ಲಾ'. ನಮ್ಮ ಕಡೆ ಬಸ್ ಕಂಡಕ್ಟರ್ ಕೂಡ ಅಪರಿಚಿತನಿಗೆ ನೀವು ಎನ್ನುತ್ತಾನೆ. ಇಲ್ಲಿ ಸಮಾನರ ನಡುವೆ 'ಲಾ' ಎಂದರೆ ಹೆಗಲ ಮೇಲೆ ಕೈ ಹಾಕಿದಂತೆ. ಇದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ತಿಳಿದ ಮೇಲೆ, ಅವನು 'ಲಾ' ಎನ್ನದ ದಿನ ಊರು ಬಹಳ ದೂರ ಅನ್ನಿಸುತ್ತಿತ್ತು.

ಒಮ್ಮೆ ಅವನ ಮನೆಯಲ್ಲಿ ಊಟಕ್ಕೆ ಮುಂಚೆ ಕೊಂಕಣಿಯಲ್ಲಿ ಪ್ರಾರ್ಥಿಸಿದೆ. "ತುಜೆಂ ಅಂದ್ರೇನ್ಲಾ?" ಎಂದು ಕೇಳಿದ. "ನಿನ್ನ" ಎಂದೆ. ತೊಡೆ ತಟ್ಟಿ ಹೆಂಡತಿ ರೂತಮ್ಮನನ್ನು ಕರೆದ: "ನೋಡಮ್ಮಿ, ಇವ್ರೂ ದ್ಯಾವ್ರನ್ನ ನಮ್ಮಂಗೇ ನೀನು ಅಂತಾರೆ!"

ಎರಡೂ ಕಡೆಯವರು ಗುಡ್ ಫ್ರೈಡೆ ದಿನ ಒಟ್ಟಿಗೆ ಪ್ರಾರ್ಥಿಸಬೇಕು ಎಂಬ ಯೋಚನೆ ಅಂದೇ ಹುಟ್ಟಿತು. ಜಾಗ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ಬಯಲು. ಪ್ರಾರ್ಥನೆಯ ಹಾಳೆ ಸಿದ್ಧಪಡಿಸಲು ವೇಬ್ರಿಡ್ಜ್ ಶೆಡ್ಡಿನಲ್ಲಿ ಸೇರಿದೆವು. ಹಾಡುಗಳಿಗೆ ತಕರಾರು ಬರಲಿಲ್ಲ. ಕರ್ತನ ಪ್ರಾರ್ಥನೆಗೆ ಬಂದಾಗ ನಿಂತುಬಿಟ್ಟೆವು. ಇಲ್ಲಿಯ ಕಥೋಲಿಕರು 'ನಿಮ್ಮ ನಾಮ' ಎನ್ನುತ್ತಾರೆ, ಪ್ರಾಟೆಸ್ಟೆಂಟರು 'ನಿನ್ನ ನಾಮ'.

ಕಥೋಲಿಕರ ಹಿರಿಯ ಚೌರಪ್ಪನವರು ಹಾಳೆಯನ್ನು ತಳ್ಳಿದರು. "ದ್ಯಾವ್ರನ್ನ ದನಾ ಕಾಯೋನ್ನ ಕರ್ದಂಗ್ ಕರೀತೀರಲ್ಲ, ಮರ್ವಾದೆ ಬ್ಯಾಡ್ವಾ?"

"ಹೆತ್ತಪ್ಪುನ್ನ ಬನ್ನಿ ಕುತ್ಕಳಿ ಅಂತೀರಾ ಚೌರಪ್ನೋರೆ? ದ್ಯಾವ್ರೇನು ತಾಸೀಲ್ದಾರ್ನಾ?" ಎಂದ ಸ್ಯಾಮ್ಯುಯೆಲ್. ಎಲ್ಲರೂ ನಕ್ಕರು, ಚೌರಪ್ಪನವರನ್ನು ಬಿಟ್ಟು. ಅವನು ನನ್ನ ಕಡೆ ತಿರುಗಿದ. "ಲೇ ಲ್ಯಾನ್ಸಿ, ನಿಮ್ ಕೊಂಕಣೀಲಿ ಏನಂತೀರ್ಲಾ? ನೀನೇ ಯೋಳು."

ಚೌರಪ್ಪನವರು ನನ್ನನ್ನೇ ನೋಡುತ್ತಿದ್ದರು. "ಬಹುವಚನ" ಎಂದೆ.

"ಸುಳ್ ಯೋಳ್ತಾನೆ ನನ್ಮಗ" ಎಂದು ಸ್ಯಾಮ್ಯುಯೆಲ್ ನಕ್ಕ.

ನೆನಪಿನ ಒಂದು ಪ್ರತಿಯಲ್ಲಿ ಅವನು ಮೊದಲು ನನ್ನ ಕೊರಳಪಟ್ಟಿ ಹಿಡಿಯುತ್ತಾನೆ. ಪೊಲೀಸರು ಕೇಳಿದ್ದರೆ ಹೇಳಲೆಂದು ಅದನ್ನೇ ಇಟ್ಟುಕೊಂಡಿದ್ದೆ. ಆದರೆ ಅವನ ಎರಡೂ ಕೈಯಲ್ಲಿ ಟೀ ಲೋಟಗಳಿದ್ದವು, ಒಂದು ನನಗೆ ಕೊಡಲು. ಅದು ಚೆಲ್ಲಿದ ಕಲೆ ನನ್ನ ಅಂಗಿಯ ಮೇಲೆ ಇನ್ನೂ ಇದೆ. ಕೊರಳಪಟ್ಟಿಗೆ ಅವನಿಗೆ ಮೂರನೇ ಕೈ ಇರಲಿಲ್ಲ. ಚೌರಪ್ಪನವರ ಎದುರು ಸುಳ್ಳುಗಾರನಾದ ಸಿಟ್ಟಿಗೆ ಬಲಗೈ ಬೀಸಿ ಅವನ ಎಡಗಿವಿಗೆ ಬಾರಿಸಿದೆ. ಅವನು ತೂಕದ ಕಬ್ಬಿಣದ ಹಲಗೆಯ ಮೇಲೆ ಬಿದ್ದ. ಬಿದ್ದವನನ್ನು ಒದ್ದೆ. ಎಷ್ಟು ಸಲ ಎಂದು ನೆನಪು ಹೇಳುವುದಿಲ್ಲ. ಪರದೆಯ ಮೇಲೆ ಅವನ ತೂಕ ಮೂಡಿತೆಂದು ಒಮ್ಮೆ ಯಾರಿಗೋ ಹೇಳಿದ್ದೆ. ಅದು ಕಟ್ಟುಕತೆ, ಯಂತ್ರ ಆಫ್ ಆಗಿತ್ತು. ಅವನ ಕಿವಿಯಿಂದ ಇಳಿದ ರಕ್ತ ಮಾತ್ರ ನಿಜ.

ಮರುದಿನ ಚೌರಪ್ಪನವರು ಬಾಳೆಹಣ್ಣು ಹಿಡಿದು ಮನೆಗೆ ಬಂದರು. "ಸರ್ಯಾಗ್ ಕೊಟ್ಟೆ ಕಣಯ್ಯ. ಇವತ್ತಿಂದ ನೀನು ನಮ್ಮೋನು." ಒಂದೂವರೆ ವರ್ಷ ಇಗರ್ಜಿಯಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಕೂತಿದ್ದೆ, ಆಗ ಸಿಗದ ಮಾತು ಅದು.

ಮೂರನೇ ದಿನ ಹನಕೆರೆ ರೈಲ್ವೆ ಸ್ಟೇಷನ್ನಿನ ಹಿಂದೆ ರೂತಮ್ಮನ ಅಣ್ಣನ ಮಕ್ಕಳಿಬ್ಬರು ನನ್ನ ಬೈಕು ಕೆಡವಿದರು. ಕಬ್ಬಿನ ಜಲ್ಲೆಯಲ್ಲಿ ಹೊಡೆದರು. ಜಲ್ಲೆ ಸೀಳಿ ರಸ ಮುಖಕ್ಕೆ ಹಾರಿತು. ಸಿಹಿಯೂ ರಕ್ತದ ಉಪ್ಪೂ ಒಟ್ಟಿಗೆ ಬಾಯಿಗೆ ಬಂದವು. "ಎಲ್ಲಿ ನಿನ್ ಬಹುವಚನ? ಯೋಳ್ಲಾ!" ಎಂದು ಕಲ್ಲಿನಿಂದ ಬಲಗೈ ಬೆರಳುಗಳನ್ನು ಜಜ್ಜಿದರು. ಎರಡು ಮುರಿದವು.

ಆಸ್ಪತ್ರೆಗೆ ರೂತಮ್ಮ ಮತ್ತು ಸ್ಯಾಮ್ಯುಯೆಲ್ ಬಂದರು. ಅವನ ಕಿವಿಯಲ್ಲಿ ಹತ್ತಿ. ಕಿವಿಯ ತಮಟೆ ಹರಿದಿದೆ, ಆ ಕಡೆ ಇನ್ನು ಕೇಳಿಸದು ಎಂದು ಡಾಕ್ಟರು ಹೇಳಿದ್ದರಂತೆ.

"ನಮ್ಮುಡುಗ್ರು ಮಾಡಿದ್ದು ತಪ್ಪು ಕಣಪ್ಪ" ಎಂದರು ರೂತಮ್ಮ. "ನೀನ್ ಮಾಡಿದ್ದು? ಉಂಡ ಮನೆಯೋನ್ಗೆ ಹೊಡ್ದಲ್ಲೋ."

ಸ್ಯಾಮ್ಯುಯೆಲ್ ಕಿಟಕಿ ನೋಡುತ್ತ ಹೇಳಿದ: "ಉಸಾರಾಗಿ ಸಾರ್. ಪ್ರಾರ್ಥನೆ ನಿಲ್ಲೋದ್ ಬ್ಯಾಡ. ಹಾಳೇಲಿ ಆ ಪದದ ಜಾಗ ಖಾಲಿ ಬುಡುವ. ಅವ್ರವ್ರಿಗೆ ಬಂದಿದ್ದ ಯೋಳ್ಕಳಿ. ನೀವೂ ಬನ್ನಿ."

ಸಾರ್. ನೀವು. ಬನ್ನಿ. ಜಲ್ಲೆಯ ಏಟು ಹೀಗೆ ಉರಿದಿರಲಿಲ್ಲ.

ಗುಡ್ ಫ್ರೈಡೆ ಮಧ್ಯಾಹ್ನ ಬಯಲಿನಲ್ಲಿ ಎರಡು ಗುಂಪುಗಳು ನಡುವೆ ದಾರಿ ಬಿಟ್ಟು ಕೂತಿದ್ದವು. ಚೌರಪ್ಪನವರು ಮೈಕಿನಲ್ಲಿ "ನಮ್ ಲ್ಯಾನ್ಸಿ" ಎಂದು ನನ್ನನ್ನು ಕರೆದರು. ಬ್ಯಾಂಡೇಜಿನ ಕೈಯಲ್ಲಿ ಮೈಕು ಹಿಡಿದು, ಕೊಂಕಣಿಯಲ್ಲೂ ಏಕವಚನವೇ, ಸುಳ್ಳು ಹೇಳಿದವನು ನಾನು, ಎಂದು ಶುರು ಮಾಡಿದೆ. ಮುಗಿಸುವಷ್ಟರಲ್ಲಿ ಯಾರೋ ವಯರು ಕಿತ್ತರು. ಚಪ್ಪಲಿಯೊಂದು ಹುಬ್ಬಿಗೆ ಬಡಿಯಿತು. ಅದು ಬಂದದ್ದು ನಮ್ಮವರ ಸಾಲಿನಿಂದ. "ಇವ್ನು ನಮ್ಮೋನೇ ಅಲ್ಲ!" ಎಂದು ಚೌರಪ್ಪನವರು ಕೂಗಿದರು.

ಎರಡು ಗುಂಪುಗಳ ನಡುವಿನ ದಾರಿಗೆ ಬಂದೆ. ಅದರ ಅಂಚಿನಲ್ಲಿ ಸ್ಯಾಮ್ಯುಯೆಲ್ ನಿಂತಿದ್ದ. ಗಲಾಟೆಯಾದದ್ದು ಅವನ ಎಡಕ್ಕೆ. "ಏನಂದ್ರಿ ಸಾರ್ ಮೈಕಲ್ಲಿ? ನಂಗೆ ಕೇಳಿಸ್ನಿಲ್ಲ."

ನಾನು ಅವನ ಬಲಕ್ಕೆ ಹೋಗಿ ನಿಂತೆ. ನಮ್ಮೂರ ಕನ್ನಡದಲ್ಲಿ ಹೇಳಲೋ ಅವನ ಕನ್ನಡದಲ್ಲೋ ತಿಳಿಯಲಿಲ್ಲ. ಕೊನೆಗೆ, "ಸುಳ್ ಯೋಳ್ದೆ ಕಣ್ಲಾ. ತಪ್ಪಾಯ್ತು" ಎಂದೆ.

"ಗೊತ್ತು ಬುಡಿ" ಎಂದ.

ಕರ್ತನ ಪ್ರಾರ್ಥನೆಗೆ ಜನ ಎದ್ದು ನಿಂತರು. ಹಾಳೆಯ ಖಾಲಿ ಜಾಗ ಬಂದಾಗ 'ನಿನ್ನ', 'ನಿಮ್ಮ' ಎಂದು ಎರಡೂ ಕಡೆ ಗಂಟಲು ಹರಿಯುವಂತೆ ಕಿರುಚಿದರು. ಪ್ರಾರ್ಥನೆಯ ಮುಂದಿನ ಸಾಲನ್ನು ಎಲ್ಲರೂ ಒಟ್ಟಿಗೇ ಹೇಳಿದರು, ಹೊಡೆಯಲು ಕೈ ಯಾರೂ ಎತ್ತಲಿಲ್ಲ.

ಊರಿಗೆ ಬಂದಾಗ ನನ್ನ ಬಾಯಿಂದ 'ಲಾ' ಬಿದ್ದರೆ ನೀವು ಬೆಚ್ಚಿ ನೋಡುತ್ತೀರಿ. ಇಲ್ಲಿ ಈಗ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ. ಎಲ್ಲರೂ ಬಹಳ ಮರ್ಯಾದೆ ಕೊಡುತ್ತಾರೆ.